ಮನೆಗೆ ಬಂದ ಸೀಟು

ಬಂದವರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಅವಳು ಎದ್ದು ನಡುಮನೆಗೆ ಬಂದಾಗ ಸೀಟು ಇರಲಿಲ್ಲ.

ಬಾಡಿಗೆ ಕುರ್ಚಿಗಳನ್ನು ಹಿಂದಿನ ಸಂಜೆಯೇ ಸಾಗಿಸಿದ್ದರು. ಚಾಪೆಗಳು ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದವು. ಅಡುಗೆಮನೆಯ ನಲ್ಲಿ ಎಂದಿನಂತೆ ತೊಟ್ಟಿಕ್ಕುತ್ತಿತ್ತು, ಎದುರು ಮನೆಯ ರೇಡಿಯೊ ಎಂದಿನಂತೆ ಗೊರಗೊರ ಅನ್ನುತ್ತಿತ್ತು. ಎಲ್ಲವೂ ತನ್ನ ತನ್ನ ಕೆಲಸಕ್ಕೆ ಮರಳಿತ್ತು. ಕಿಟಕಿಯ ಕೆಳಗೆ ಮಾತ್ರ ಗ್ರೀಸಿನ ಕಲೆಗಳು ಉಳಿದಿದ್ದವು, ಅಲ್ಲೇನೋ ಇತ್ತು ಅನ್ನುವುದಕ್ಕೆ.

ಆ ಸೀಟು ಗ್ಯಾರೇಜಿನದು. ಸಾಯುವುದಕ್ಕೆ ಸ್ವಲ್ಪ ದಿನ ಮುಂಚೆ ಅವಳ ಗಂಡ ಅದನ್ನು ಕಾರಿನಿಂದ ಬಿಚ್ಚಿ, ಹೆಗಲ ಮೇಲೆ ಹೊತ್ತು ತಂದು ಕಿಟಕಿಯ ಕೆಳಗೆ ಇಳಿಸಿದ್ದ. ರೇಸಿನ ಸೀಟು. ಕೂತವರ ಪಕ್ಕೆಗಳನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವಂಥದು. ಸಾವಿನ ಮನೆಗೆ ಬಂದ ದಪ್ಪ ಸೋದರಮಾವ ಅಳುತ್ತಲೇ ಅದರಲ್ಲಿ ಕೂತು, ಏಳಲು ಹೋದಾಗ ಸಿಕ್ಕಿಕೊಂಡಿದ್ದರು. ಇಬ್ಬರು ಕೈ ಹಿಡಿದು ಎಳೆದರೆ ಸೀಟೂ ಜೊತೆಗೇ ಎದ್ದು ಬಂತು. ಬಾಯಿಗೆ ಬಟ್ಟೆ ಅಡ್ಡ ಹಿಡಿದವರಲ್ಲಿ ಯಾರು ಅಳುತ್ತಿದ್ದರು, ಯಾರು ನಗುತ್ತಿದ್ದರು ಹೇಳುವಂತಿರಲಿಲ್ಲ. ಅವಳು ಎರಡನ್ನೂ ಮಾಡಲಿಲ್ಲ.

"ಅತ್ತೆ, ಸೀಟೆಲ್ಲಿ?"

ಅತ್ತೆ ಚಹಾ ಸೋಸುತ್ತಿದ್ದರು. ತಿರುಗಿ ನೋಡಲಿಲ್ಲ. "ಗಡಿಬಿಡಿ ಹೊತ್ಕೊಂಡು ಹೋದ. ಸರಿಯಾಗಿ ಬೆಳಕೂ ಹರಿದಿರಲಿಲ್ಲ. ಅಣ್ಣನ ಕೊನೇ ಗಾಡಿ ಅರ್ಧಕ್ಕೆ ನಿಂತಿರಬಾರದು, ಇವತ್ತೇ ಮುಗಿಸ್ತೀನಿ ಅಂದ."

ಗಡಿಬಿಡಿ ಅಂದರೆ ಅವಳ ಮೈದುನ, ಗ್ಯಾರೇಜಿನಲ್ಲಿ ಅಣ್ಣನ ಜೊತೆಗಾರ. ದಿನ ತುಂಬುವ ಮೊದಲೇ ಹುಟ್ಟಿದವನು. ಆಮೇಲೂ ಯಾವುದಕ್ಕೂ ಕಾದವನಲ್ಲ.

"ಆ ಡ್ರೈವಿಂಗ್ ಟೀಚರ್ ಹತ್ರ ದೊಡ್ಡವನು ಏನೋ ಇಸ್ಕೊಂಡಿದ್ನಲ್ಲ," ಅತ್ತೆ ಲೋಟ ಮುಂದಿಟ್ಟರು. "ಅದನ್ನೂ ಕೊಟ್ಟು ಬಾಮ್ಮ. ಹೋದವನ ಹೆಸರಲ್ಲಿ ಇನ್ನೊಬ್ಬರ ವಸ್ತು ನಮ್ಮ ಹತ್ರ ಬೇಡ."

"ಹೂಂ."

ಚಹಾಕ್ಕೆ ರುಚಿ ಇರಲಿಲ್ಲ, ಬಿಸಿ ಮಾತ್ರ ಇತ್ತು. ಈಚೆಗೆ ಅವಳಿಗೆ ಎಲ್ಲವೂ ತಡವಾಗಿ ತಲುಪುತ್ತಿತ್ತು. ಯಾರೋ ಏನೋ ಕೇಳಿದರೆ, ಅವರು ಎದ್ದು ಹೋದ ಮೇಲೆ ಉತ್ತರ ಹೊಳೆಯುತ್ತಿತ್ತು. ಈಗಲೂ ಹಾಗೇ. ಸೀಟು ಹೋಯಿತು ಅನ್ನುವುದರಲ್ಲಿ ಏನೋ ಚುಚ್ಚುತ್ತಿದೆ ಅನ್ನುವುದು ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ. ಹಳೆಯ ಬಟ್ಟೆ ತಂದು ಮೊಣಕಾಲೂರಿ ಗ್ರೀಸಿನ ಕಲೆಗಳನ್ನು ಒರೆಸತೊಡಗಿದಳು. ಒಂದು ಹೋಯಿತು. ಎರಡನೆಯದನ್ನು ತಿಕ್ಕುವಾಗ ಗಂಡನ ದನಿ ಕಿವಿಯ ಹಿಂದೆಯೇ ಬಂದಂತಾಯಿತು.

ಸೀಟು ಮನೆಗೆ ಬಂತು ಅಂದ್ರೆ ಏನರ್ಥ, ಹೇಳು?

ಅವಳ ಕೈ ನಿಂತಿತು.

ಊರಿನ ಔಷಧಿ ಅಂಗಡಿಯವರಿಗೆ ಒಂದು ಹಳೆಯ ಪುಟ್ಟ ಕಾರು. ಅದರೊಳಗೆ ಅದರ ದುಪ್ಪಟ್ಟು ಶಕ್ತಿಯ ಎಂಜಿನ್ ಕೂರಿಸಿಕೊಡಿ ಎಂದು ಅಣ್ಣ ತಮ್ಮಂದಿರಿಗೆ ಒಪ್ಪಿಸಿದ್ದರು. ಎಂಜಿನ್ ಕೂತಿತು. ಅದನ್ನು ಆಳುವ ಕಂಪ್ಯೂಟರ್ ಯಾವುದಿರಬೇಕು ಅನ್ನುವುದರಲ್ಲಿ ಜಗಳ ಹತ್ತಿತು. ಗ್ಯಾರೇಜಿನಲ್ಲಿ ಆ ಕಂಪ್ಯೂಟರಿಗೆ ಡಬ್ಬಿ ಎಂದೇ ಹೆಸರು. ಗಡಿಬಿಡಿಗೆ ಹೊರಗಿನ ಕಂಪನಿಯವರು ಮಾಡಿ ಮಾರುವ ಹೊಸ ಡಬ್ಬಿ ಬೇಕು. ಯಾವ ಎಂಜಿನ್ನಿಗೂ ಹೊಂದುತ್ತದೆ, ಹೇಳಿದ್ದನ್ನು ಕೇಳುತ್ತದೆ. ಅವಳ ಗಂಡನಿಗೆ ಕಾರ್ಖಾನೆಯ ಡಬ್ಬಿಯೇ ಆಗಬೇಕು. ಬೇರೆ ಕಾರಿನಿಂದ ತೆಗೆದು, ಒಳಗಿನ ಲೆಕ್ಕ ಬದಲಿಸಿ, ಈ ಎಂಜಿನ್ನಿಗೆ ಒಗ್ಗಿಸಬೇಕು.

"ಕಾರ್ಖಾನೆ ಡಬ್ಬಿ ನಮ್ಮಮ್ಮನ ಹಾಗೆ," ಅನ್ನುತ್ತಿದ್ದ. "ಎಲ್ಲದಕ್ಕೂ ಗೊಣಗುತ್ತೆ. ಇದು ಸರಿಯಿಲ್ಲ, ಅದು ಸರಿಯಿಲ್ಲ ಅಂತ. ಆದ್ರೆ ಮನೆಗೆ ಬೆಂಕಿ ಬೀಳೋಕೆ ಬಿಡಲ್ಲ. ಗಡಿಬಿಡಿ ತರಿಸಿರೋದು ಹೊಸ ಅಳಿಯ. ಏನು ಹೇಳಿದ್ರೂ ತಲೆ ಆಡಿಸ್ತಾನೆ. ಬಾವಿಗೆ ಹಾರು ಅಂದ್ರೆ ಯಾವ ಬಾವಿ ಅಂತ ಕೇಳ್ತಾನೆ ಅಷ್ಟೆ."

ಅವಳು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಎಂಜಿನ್ ಓಡುವಾಗ ಲ್ಯಾಪ್‌ಟಾಪಿನಲ್ಲಿ ಮೂಡುವ ಗೆರೆಗಳನ್ನು ಅವನು ಅವಳ ಮುಂದೆ ಹಿಡಿಯುತ್ತಿದ್ದ. ಯಾವ ಗೆರೆ ಯಾವುದರ ಹಿಂದೆ ನಡೆಯುತ್ತಿದೆ, ಯಾವುದು ದಾರಿ ತಪ್ಪಿದೆ ಎಂದು ಅವಳು ಹೇಳುವಳು. ಆ ಕಾರಿನ ಗೆರೆಗಳಲ್ಲಿ ಒಂದು ತೊಂದರೆ ಕಂಡವಳೂ ಅವಳೇ. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು, ಅಂದರೆ ಥ್ರಾಟಲನ್ನು, ಈ ಕಾರಿನಲ್ಲಿ ಕಾಲು ನೇರವಾಗಿ ತೆರೆಯುವುದಿಲ್ಲ. ಕಾಲಿನ ಒತ್ತಡ ಓದಿಕೊಂಡು ಡಬ್ಬಿಯೇ ತೆರೆಯುತ್ತದೆ. ದೊಡ್ಡ ಎಂಜಿನ್ನಿನ ಜೊತೆ ಬಂದಿದ್ದ ದೊಡ್ಡ ಥ್ರಾಟಲ್ ಬಿಸಿಯೇರಿದ ಮೇಲೆ ತಾನು ಎಷ್ಟು ತೆರೆದಿದ್ದೇನೆ ಎಂಬುದರಲ್ಲಿ ಸುಳ್ಳು ಹೇಳುತ್ತಿತ್ತು. ಕಾರ್ಖಾನೆಯ ಡಬ್ಬಿ ಸುಳ್ಳನ್ನು ಹಿಡಿದು, ದೂರು ಬರೆದು, ಕಾರನ್ನು ಕುಂಟು ನಡಿಗೆಗೆ ಇಳಿಸಿಬಿಡುತ್ತಿತ್ತು. ದೋಷ ಎಲ್ಲಿದೆ ಎಂದು ಹುಡುಕಲು ಅವನು ಸುಳ್ಳು ಹಿಡಿಯುವ ಆ ಒಂದು ಕಾವಲನ್ನು ಡಬ್ಬಿಯಿಂದ ತೆಗೆದುಹಾಕಿದ. ಅಂದು ಸಂಜೆಯೇ ಸೀಟು ಹೊತ್ತು ಮನೆಗೆ ಬಂದ.

"ಅರ್ಥ ಇಷ್ಟೇ. ಡಬ್ಬಿ ಬಾಯಿ ಕಟ್ಟಿದೀನಿ. ಬಾಯಿ ಬಿಚ್ಚೋವರೆಗೂ ಯಾರೂ ಆ ಗಾಡೀಲಿ ಕೂರಬಾರದು. ಚೀಟಿ ಅಂಟಿಸಿದ್ರೆ ಗಡಿಬಿಡಿ ಓದಲ್ಲ. ಸೀಟೇ ಇಲ್ಲ ಅಂದ್ರೆ ಎಲ್ಲಿ ಕೂತಾನು?" ಆಮೇಲೆ ದನಿ ತಗ್ಗಿಸಿದ. "ಅವನಿಗೆ ಹೇಳ್ಬೇಡ. ಅಮ್ಮನ ಬಾಯೇ ಕಟ್ಟಬೇಕಾಯ್ತಾ ಅಂತ ಬೀದಿ ತುಂಬ ಕುಣೀತಾನೆ. ಗ್ಯಾರೇಜಲ್ಲಿ ಜಾಗ ಇಲ್ಲ ಅಂದಿದೀನಿ."

ಆ ಕಾರಿಗೂ ಅವನ ಸಾವಿಗೂ ಏನೂ ಸಂಬಂಧವಿರಲಿಲ್ಲ. ಗ್ಯಾರೇಜಿನ ತೊಟ್ಟಿಯ ಮುಂದೆ ಕೈ ತೊಳೆಯುತ್ತಿದ್ದವನು ತಲೆಯೊಳಗಿನ ನರವೊಂದು ಒಡೆದು ಕುಸಿದ. ಆಸ್ಪತ್ರೆಯಲ್ಲಿ ಅವನ ಕೈ ಹಿಡಿದಾಗ ಬೆರಳ ಸಂದಿಯಲ್ಲಿ ಸಾಬೂನು ಒಣಗಿತ್ತು.

ಅವಳು ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಚಪ್ಪಲಿಗೆ ಕಾಲು ತೂರಿಸುತ್ತಲೇ ಹೊರಟಳು.

"ಏನೂ ತಿನ್ನದೆ ಹೊರಟ್ಯಲ್ಲೇ!" ಅತ್ತೆ ಒಳಗಿನಿಂದ ಕೂಗಿದರು. ಉತ್ತರ ಕೊಡುವಷ್ಟರಲ್ಲಿ ಬೀದಿಯ ತಿರುವು ದಾಟಿದ್ದಳು.

ದಾರಿಯುದ್ದಕ್ಕೂ ಅವಳು ಕಿವಿಗೊಟ್ಟು ನಡೆದಳು. ದೂರದಲ್ಲಿ ಯಾವ ಎಂಜಿನ್ ಏರಿದರೂ ಅದೇ ಅನ್ನಿಸುತ್ತಿತ್ತು. ಒಂದು ಲಾರಿ ಹಾದುಹೋಯಿತು. ಯಾರೋ ಸ್ಕೂಟರ್ ಒದೆಯುತ್ತಿದ್ದರು. ಗ್ಯಾರೇಜಿನ ಷಟರ್ ಮೇಲಕ್ಕಿತ್ತು, ಒಳಗೆ ಬೆಳಕಿತ್ತು, ಪುಟ್ಟ ಬಿಳಿ ಕಾರು ಇನ್ನೂ ಅಲ್ಲೇ ಇತ್ತು. ಅವಳು ಬಾಗಿಲ ಕಂಬ ಹಿಡಿದು ನಿಂತಳು. ಕಾರನ್ನು ಒರೆಸಿ ಹೊಳಪು ಬರಿಸಿದ್ದರು. ಬಾನೆಟ್ ಮುಚ್ಚಿತ್ತು. ಸೀಟು ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿತ್ತು.

ಗಡಿಬಿಡಿ ಕಾರಿನ ಕೆಳಗಿನಿಂದ ಜಾರಿಕೊಂಡು ಬಂದ. ಕಣ್ಣು ಊದಿತ್ತು. ಮುಖದಲ್ಲಿ ಮಾತ್ರ ಒಂದು ಬಗೆಯ ಕಳೆ ಇತ್ತು, ಅವಳು ಆಸ್ಪತ್ರೆಯ ದಿನದಿಂದ ನೋಡದಿದ್ದ ಕಳೆ.

"ಬಂದ್ರಾ ಅತ್ತಿಗೆ? ನಾನೇ ಬಂದು ಕರೀಬೇಕು ಅಂತಿದ್ದೆ. ಸಂಜೆ ಔಷಧಿ ಅಂಗಡಿಯವರು ಬರ್ತಾರೆ, ಮಗಳನ್ನೂ ಕರ್ಕೊಂಡು. ಮೊದಲನೇ ಸವಾರಿ ಅವಳದಂತೆ. ಅದಕ್ಕೆ ಮುಂಚೆ ನಾನೊಂದು ಸುತ್ತು ಘಾಟಿ ರಸ್ತೇಲಿ ಹೋಗಿ ಬರ್ತೀನಿ."

"ಯಾವ ಡಬ್ಬಿ ಇದೆ ಒಳಗೆ?"

"ಅಣ್ಣನದೇ." ಅವನು ಶೆಲ್ಫಿನ ಕಡೆ ಕೈ ತೋರಿಸಿದ. ಹೊಸ ಡಬ್ಬಿಯ ಪೆಟ್ಟಿಗೆ ಸೀಲು ಒಡೆಯದೆ ಅಲ್ಲೇ ಇತ್ತು. "ನಂದು ಅಲ್ಲೇ ಇರ್ಲಿ. ಎಷ್ಟು ಜಗಳ ಆಡಿದೆ ಅವನ ಜೊತೆ! ಈಗ ಒಂದು ಸ್ಕ್ರೂ ಕೂಡ ಅಲ್ಲಾಡಿಸಲ್ಲ ನಾನು. ಅವನು ಹೇಗೆ ಬಿಟ್ಟಿದ್ನೋ ಹಾಗೇ ಓಡಬೇಕು ಗಾಡಿ. ಅವನೇ ಗೆದ್ದ ಅತ್ತಿಗೆ. ನೋಡಿ, ಒಂದೇ ಒಂದು ದೂರಿಲ್ಲ!"

ಲ್ಯಾಪ್‌ಟಾಪನ್ನು ತಿರುಗಿಸಿ ತೋರಿಸಿದ. ದೂರುಗಳ ಜಾಗ ಖಾಲಿ. ಪರರ ಕಾರಿನಿಂದ ಬಂದು, ಪರರ ಎಂಜಿನ್ ತಲೆಗೆ ಕಟ್ಟಿಸಿಕೊಂಡ ಡಬ್ಬಿ. ಇಷ್ಟು ದಿನ ದಿನವಿಡೀ ಗೊಣಗಿದ ಡಬ್ಬಿ. ಈಗ ಉಸಿರೆತ್ತುತ್ತಿಲ್ಲ. ಬಾಯಿ ಇನ್ನೂ ಕಟ್ಟಿಯೇ ಇತ್ತು.

"ಇನ್ನೊಂದಿದೆ. ಹೇಳಿದ್ರೆ ನೀವು ಬೈಬಾರದು." ಅವನು ಹತ್ತಿರ ಬಂದ. "ಬೆಳಿಗ್ಗೆಯಿಂದ ಸ್ಟಾರ್ಟ್ ಮಾಡಿ ಮಾಡಿ ನೋಡಿದೆ. ಸ್ವಲ್ಪ ಹೊತ್ತು ಓಡಿದ ಮೇಲೆ ತಾನೇ ದನಿ ಏರಿಸುತ್ತೆ ಅತ್ತಿಗೆ. ನಾನು ಕಾಲೇ ಇಟ್ಟಿರಲ್ಲ. ಮೆಲ್ಲಗೆ, ಯಾರೋ ಹೂಂ ಅಂದ ಹಾಗೆ. ಮೊದಲನೇ ಸಲ ಹೆದರಿಕೊಂಡು ಆಫ್ ಮಾಡಿದೆ, ಉಳಿದ ಸಲವೂ ಅಷ್ಟಕ್ಕೇ ಆಫ್ ಮಾಡಿದೆ. ಆಮೇಲೆ ಗೊತ್ತಾಯ್ತು." ಅವನು ಬಾನೆಟ್ಟಿನ ಮೇಲೆ ಕೈಯಿಟ್ಟ. "ಅಣ್ಣ ಅದು. ನನ್ನ ಮಾತಾಡಿಸ್ತಿದಾನೆ."

ಅವಳು ಕಾರಿನ ಬಾಗಿಲು ತೆಗೆದು ಸೀಟಿನಲ್ಲಿ ಕೂತಳು. ಅದು ಅವಳ ಪಕ್ಕೆಗಳನ್ನು ಹಿಡಿದುಕೊಂಡಿತು.

"ಅತ್ತಿಗೆ?"

"ಇದನ್ನ ಲಿಫ್ಟಿಗೆ ಏರಿಸು."

"ಯಾಕೆ? ಎಲ್ಲ ಆಗಿದೆ. ಕೆಳಗೆಲ್ಲ ನೋಡಿದೀನಿ."

"ಚಕ್ರ ನೆಲದಿಂದ ಒಂದು ಗೇಣು ಮೇಲಿದ್ರೆ ಸಾಕು. ನಾನು ಇಳಿಯಲ್ಲ. ನಿನಗೂ ಘಾಟಿ ಇಲ್ಲ, ಆ ಹುಡುಗಿಗೂ ಸವಾರಿ ಇಲ್ಲ. ಅಣ್ಣ ಏನು ಹೇಳ್ತಿದಾನೆ ಅಂತ ಇಬ್ಬರೂ ಪೂರ್ತಿ ಕೇಳೋಣ. ನೀನು ಅರ್ಧಕ್ಕೆ ನಿಲ್ಲಿಸ್ತಾ ಇದೀಯ."

ಅವನು ಅವಳ ಮುಖ ನೋಡಿದ. ಹೋಗಿ ಲಿಫ್ಟಿನ ಗುಂಡಿ ಒತ್ತಿದ. ಕಾರು ನರಳಿ, ನಿಧಾನವಾಗಿ ನೆಲ ಬಿಟ್ಟಿತು. ಅವಳು ಕೀಲಿ ತಿರುಗಿಸಿದಳು. ಗೇರ್ ಹಾಕಿ ಕ್ಲಚ್ ಬಿಟ್ಟಳು. ಮುಂದಿನ ಚಕ್ರಗಳು ಗಾಳಿಯಲ್ಲಿ ಸುಮ್ಮನೆ ತಿರುಗತೊಡಗಿದವು. ಎರಡೂ ಕಾಲುಗಳನ್ನು ಎಲ್ಲ ಪೆಡಲ್‌ಗಳಿಂದ ದೂರ ಎಳೆದುಕೊಂಡು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಳು.

ಬಹಳ ಹೊತ್ತು ಏನೂ ಆಗಲಿಲ್ಲ. ಎಂಜಿನ್ ಸಾಕಿದ ಪ್ರಾಣಿಯ ಹಾಗೆ ಗುರುಗುಟ್ಟಿತು. ಬಿಸಿಯ ಮುಳ್ಳು ಮೇಲೇರಿತು. ರೇಡಿಯೇಟರಿನ ಫ್ಯಾನು ಒಮ್ಮೆ ಜರ್ರೆಂದು ತಿರುಗತೊಡಗಿತು.

ಆಗ ದನಿ ಏರಿತು. ಗಡಿಬಿಡಿ ಹೇಳಿದಂತೆಯೇ, ಯಾರೋ ಹೂಂ ಅಂದ ಹಾಗೆ.

"ಕೇಳಿದ್ರಾ?" ಅವನು ಕಿಟಕಿಯ ಚೌಕಟ್ಟು ಹಿಡಿದುಕೊಂಡ.

"ಗೆರೆ ನೋಡು. ಇದು ಕಾಲಿನ ಗೆರೆ. ಸೊನ್ನೆ. ಇದು ಥ್ರಾಟಲ್ ಎಷ್ಟು ತೆರೆದಿದೆ ಅನ್ನೋ ಗೆರೆ. ಮುಚ್ಚಿದೀನಿ ಅಂತಿದೆ."

"ಸರಿಯಾಗೇ ಇದೆಯಲ್ಲ?"

"ಈ ಮೂರನೇದು ಗಾಳಿ."

ಮೂರನೆಯ ಗೆರೆ ಏರುತ್ತಿತ್ತು. ಮುಚ್ಚಿದ ಬಾಗಿಲಿನಿಂದ ಗಾಳಿ ಒಳಗೆ ಬರುತ್ತಲೇ ಇತ್ತು. ಹೂಂ ಅಂದದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಬೆಳಿಗ್ಗೆ ಪ್ರತಿ ಸಲವೂ ಅವನು ಅಲ್ಲೇ ಕೀಲಿ ತಿರುಗಿಸಿ ಆರಿಸಿದ್ದ, ಮುಂದಿನದನ್ನು ಕೇಳಿರಲಿಲ್ಲ. ಗುರುಗುಟ್ಟುವ ದನಿ ಕೂಗಾಯಿತು, ಕೂಗು ಚೀತ್ಕಾರವಾಯಿತು. ಚಕ್ರಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ತಿರುಗಿದವು, ಲಿಫ್ಟಿನ ಕಂಬಗಳು ನಡುಗಿದವು, ಗೋಡೆಗೆ ನೇತು ಹಾಕಿದ್ದ ಸ್ಪ್ಯಾನರುಗಳು ಒಂದಕ್ಕೊಂದು ಬಡಿದುಕೊಂಡವು. ಅವನ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವಳ ಕಾಲುಗಳು ಇನ್ನೂ ಸೀಟಿಗೆ ಅಂಟಿಕೊಂಡಿದ್ದವು. ದೂರುಗಳ ಜಾಗ ಖಾಲಿಯಾಗಿಯೇ ಇತ್ತು.

ಅವಳು ಕೀಲಿ ತಿರುಗಿಸಿದಳು.

ಮೌನ ಬಂತು. ಚಕ್ರಗಳು ಸುಸ್ತಾದಂತೆ ನಿಧಾನವಾಗಿ ನಿಂತವು. ಸುಟ್ಟ ಎಣ್ಣೆಯ ವಾಸನೆ ಹರಡಿತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ತಲೆ ಒಳಗೆ ಹಾಕಿ, "ಏನ್ರಪ್ಪಾ, ವಿಮಾನ ಏನಾದ್ರೂ ತಂದಿದೀರಾ?" ಎಂದು ಕೇಳಿ, ಯಾರೂ ನಗದ್ದು ಕಂಡು ಹೋದರು.

ಗಡಿಬಿಡಿ ನೆಲಕ್ಕೆ ಕುಕ್ಕರಿಸಿದ್ದ. "ಅಣ್ಣಂಗೆ ಗೊತ್ತಿರಲಿಲ್ವಾ ಇದು?"

ಗೊತ್ತಿರಲಿಲ್ಲ ಅಂದರೆ ಅಣ್ಣ ಕೆಲಸ ಬಾರದವನಾಗುತ್ತಾನೆ. ಗೊತ್ತಿತ್ತು ಅಂದರೆ ತಮ್ಮನಿಂದ ಮುಚ್ಚಿಟ್ಟವನಾಗುತ್ತಾನೆ. ಅವಳಿಗೆ ಎರಡೂ ಬೇಡವಾಗಿತ್ತು. ನಿಜ ಇದ್ದದ್ದು ಒಂದೇ.

"ಗೊತ್ತಿತ್ತು. ಕಾವಲು ತೆಗೆದು ದೋಷ ಹುಡುಕ್ತಾ ಇದ್ರು. ಅದು ಮುಗಿಯೋವರೆಗೆ ಯಾರೂ ಓಡಿಸಬಾರದು ಅಂತಾನೇ ಸೀಟು ಮನೇಲಿತ್ತು."

"ಜಾಗ ಇಲ್ಲ ಅಂದಿದ್ದ ನಂಗೆ."

"ನೀನು ಕುಣೀತೀಯ ಅಂತ ಹೇಳಲಿಲ್ಲ. ನಾನೂ ಹೇಳಬಾರದು ಅಂದಿದ್ರು."

ಅವನು ಎದ್ದು ಸೀಟನ್ನು ನೋಡಿದ. ತಾನೇ ಬೆಳಿಗ್ಗೆ ಬಿಗಿದ ಬೋಲ್ಟುಗಳು. "ನಾನು ಪೂಜೆ ಮಾಡಿದ ಹಾಗೆ ಒರೆಸಿ ಒರೆಸಿ ಹಾಕಿದೆ ಅತ್ತಿಗೆ ಇದನ್ನ," ಎಂದ. ಒಂದು ಬೋಲ್ಟಿನ ಮೇಲೆ ಬೆರಳಿಟ್ಟು ಕೇಳಿದ: "ಕುಣೀತಿದ್ನೇನೋ, ಅಲ್ವಾ?"

"ಕುಣೀತಿದ್ದೆ."

ಅವನು ನಕ್ಕ. ಆ ನಗೆಯ ತುದಿ ಒಡೆಯಿತು. ಅವನು ತಿರುಗಿ ಸ್ಪ್ಯಾನರ್ ಹುಡುಕುವವನಂತೆ ಗೋಡೆಯ ಕಡೆ ಮುಖ ಮಾಡಿದ. ಅವಳು ಕಾರಿನಿಂದ ಇಳಿದು, ಅವನು ತಿರುಗುವವರೆಗೆ ಕಾದಳು.

"ಕಾವಲು ಮತ್ತೆ ಹಾಕಿಬಿಡೋಣ," ಅವನು ಮೂಗೊರೆಸಿಕೊಂಡ. "ಹಾಕಿದ್ರೆ ಅಣ್ಣನ ಡಬ್ಬೀಲೇ ಓಡುತ್ತಲ್ಲ?"

"ಕುಂಟುತ್ತೆ. ಥ್ರಾಟಲ್ ಸುಳ್ಳು ಹೇಳೋದು ನಿಂತಿಲ್ಲ. ಯಾಕೆ ಹೇಳುತ್ತೆ ಅಂತ ಅವರಿಗೇ ಸಿಕ್ಕಿರಲಿಲ್ಲ. ಹಳೇ ಕಾಲದ ತಂತಿ ಥ್ರಾಟಲ್ ಹಾಕು. ಕಾಲು ತೆಗೆದ್ರೆ ಸ್ಪ್ರಿಂಗ್ ಎಳೆದು ಮುಚ್ಚುತ್ತೆ, ಮಧ್ಯ ಯಾರೂ ಇರಲ್ಲ. ಕಾರ್ಖಾನೆ ಡಬ್ಬಿ ಅದನ್ನ ಒಪ್ಪಲ್ಲ." ಅವಳು ಶೆಲ್ಫಿನ ಕಡೆ ನೋಡಿದಳು. "ಹೊಸ ಅಳಿಯ ಒಪ್ತಾನೆ."

"ನನ್ನ ಡಬ್ಬಿನಾ?" ಅವನಿಗೆ ಅದು ಬೇಡವಾಗಿತ್ತು. ಎಂದೋ ಆಸೆಪಟ್ಟದ್ದು ಈಗ ಕೈಗೆ ಬಂದು ಸುಡುತ್ತಿತ್ತು. "ಅವನಿಲ್ಲದಾಗ ನಾನು ಗೆಲ್ಲೋದಾ? ಮತ್ತೆ ಅವನು ಇಷ್ಟು ದಿನ ಮಾಡಿದ್ದು? ಅದೆಲ್ಲ ಆ ಡಬ್ಬಿ ಒಳಗಿದೆ."

"ಅದು ನಮ್ಮದಲ್ಲ. ಟೀಚರಿಗೆ ವಾಪಸ್ ಕೊಡಬೇಕು."

ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟರು. ಅಲ್ಯೂಮಿನಿಯಂ ಮೈಯ ಮೇಲೆ ಕೆಂಪು ಎಲ್ ಅಕ್ಷರದ ಪುಟ್ಟ ಚೀಟಿ. ಡ್ರೈವಿಂಗ್ ಟೀಚರ್ ತಮ್ಮ ಕೊಡೆಗೂ, ನೀರಿನ ಬಾಟಲಿಗೂ, ಕನ್ನಡಕದ ಗೂಡಿಗೂ ಅದನ್ನು ಅಂಟಿಸುತ್ತಿದ್ದರು. ಅವರ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದ್ದಾಗ, ಹೇಗೂ ಕಾರು ನಿಂತಿದೆಯಲ್ಲ ಎಂದು ಅವಳ ಗಂಡ ಡಬ್ಬಿ ಇಸಿದುಕೊಂಡು ಬಂದಿದ್ದ. ಬೆಳಿಗ್ಗೆ ಅತ್ತೆಯ ಮಾತು ಕೇಳಿ ಹಾಗೇ ಒಯ್ದು ಕೊಟ್ಟಿದ್ದರೆ? ಬಾಯಿ ಕಟ್ಟಿದ ಡಬ್ಬಿ, ಬ್ರೇಕ್ ಯಾವುದು ಎಂದು ಇನ್ನೂ ಕೇಳುವ, ಕಲಿಯಲು ಬಂದ ಹುಡುಗರು. ಅವಳು ಆ ಯೋಚನೆಯನ್ನು ಮುಂದಕ್ಕೆ ಬಿಡಲಿಲ್ಲ.

ಯಾವ ಡಬ್ಬಿಗೆ ಕೈ ಹಾಕುವ ಮೊದಲೂ ಅವಳ ಗಂಡ ಅದರ ಕಾರ್ಖಾನೆಯ ಲೆಕ್ಕವನ್ನು ಹಾಗೇ ಲ್ಯಾಪ್‌ಟಾಪಿನಲ್ಲಿ ಎತ್ತಿಡುತ್ತಿದ್ದ. ಅದನ್ನು ತೆರೆದಳು. ಡಬ್ಬಿಯಲ್ಲಿರುವುದರ ಮೇಲೆ ಇದನ್ನು ಬರೆಯಲೇ ಎಂದು ಕಂಪ್ಯೂಟರ್ ಕೇಳಿತು. ಈಗಿರುವುದೆಲ್ಲ ಹೋಗುತ್ತದೆ ಎಂದೂ ಹೇಳಿತು.

"ನಾನು ಒತ್ತಲ್ಲ," ಎಂದ ಗಡಿಬಿಡಿ.

ಅವಳು ಒತ್ತಿದಳು.

ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳಿತು. ಗಂಡನ ಸಂಜೆಗಳು, ಗೆರೆಗಳ ಮೇಲೆ ಬೆರಳಿಟ್ಟು ಅವಳೊಡನೆ ವಾದಿಸಿದ್ದು, ಸಿಟ್ಟಿನಲ್ಲಿ ಬದಲಿಸಿದ್ದು, ಬೆಳಿಗ್ಗೆ ಎದ್ದು ಮತ್ತೆ ಮೊದಲಿನಂತೆ ಮಾಡಿದ್ದು. ಪಟ್ಟಿ ಅದಾವುದನ್ನೂ ಕೇಳದೆ ನಡೆಯಿತು. ಅವಳು ಅಳು ಬರುತ್ತದೆಂದು ಕಾದಳು. ಅದೂ ತಡವಾಗಿ ತಲುಪಬೇಕೋ ಏನೋ. ಪಟ್ಟಿ ತುಂಬಿತು. ಹಿಂದೆ ಬೋಲ್ಟು ಬಿಚ್ಚುವ ಸದ್ದು ಕೇಳಿಸಿತು. ಗಡಿಬಿಡಿ ಸೀಟು ತೆಗೆಯುತ್ತಿದ್ದ.

"ಎಲ್ಲಿಗೆ ಒಯ್ತೀಯ?"

"ಮನೆಗೆ. ತಂತಿ ಥ್ರಾಟಲ್ ಕೂತು, ನೀವು ಗೆರೆ ನೋಡೋವರೆಗೆ ಅಲ್ಲೇ ಇರ್ಲಿ. ಔಷಧಿ ಅಂಗಡಿಯವರು ಬೈದ್ರೆ ಬೈಲಿ."

ಅವಳು ಡಬ್ಬಿ ಹಿಡಿದು ಹೋದಾಗ ಡ್ರೈವಿಂಗ್ ಟೀಚರ್ ತಮ್ಮ ಅಂಗಳದಲ್ಲಿ ಹೊದಿಕೆ ಸರಿಸಿ ಕಾರು ಒರೆಸುತ್ತಿದ್ದರು. ಪ್ಲಾಸ್ಟರ್ ತೆಗೆದ ಮಣಿಕಟ್ಟು ಬೇರೆಯವರದ್ದೇನೋ ಅನ್ನುವಷ್ಟು ಬೆಳ್ಳಗೆ, ಸಣ್ಣಗೆ ಇತ್ತು. ಅವಳನ್ನು ಕಂಡು ಬಟ್ಟೆ ಕೆಳಗೆ ಹಾಕಿದರು.

"ಅಯ್ಯೋ, ಇವತ್ತೇ ಯಾಕಮ್ಮ ತಂದೆ? ನಾನೇನು ಕೇಳಿದ್ನಾ?"

"ಅವರು ಇಸ್ಕೊಂಡಿದ್ದು. ಕೊಟ್ಟುಬಿಡೋಣ ಅಂತ."

"ನಾಳಿದ್ದಿಂದ ಹುಡುಗ್ರು ಬರ್ತಾರೆ, ನಿಜ. ಆದ್ರೆ ನಿನ್ನ ಹತ್ರ ಹೇಗೆ ಕೇಳೋದು ಅಂತ ಇದ್ದೆ." ಟೀಚರ್ ಡಬ್ಬಿಗೆ ಕೈಯೊಡ್ಡಿದರು. ಅದು ಅವಳ ಕೈಯಿಂದ ಕೂಡಲೇ ಹೋಗಲಿಲ್ಲ. ಬೆರಳುಗಳು ಅದನ್ನು ಹಿಡಿದೇ ಇದ್ದವು. ಟೀಚರ್ ಎಳೆಯಲಿಲ್ಲ, ಕೈಯನ್ನೂ ಹಿಂದೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಬೆರಳುಗಳು ಬಿಟ್ಟವು.

"ನಾನೇ ಕೂರಿಸಿಕೊಡ್ತೀನಿ," ಎಂದಳು.

ತಂತಿಗಳ ಗೊಂಚಲು ಟಕ್ಕೆಂದು ಕೂತಿತು. ಟೀಚರ್ ಚಾಲಕನ ಜಾಗದಲ್ಲಿ ಕೂತರು. ಅವಳು ಪಕ್ಕದ ಸೀಟಿನಲ್ಲಿ, ಕಲಿಸುವವರ ಜಾಗದಲ್ಲಿ ಕೂತಳು. ಕಾಲ ಕೆಳಗೆ ಎರಡನೆಯ ಬ್ರೇಕ್ ಪೆಡಲ್ ಸಿಕ್ಕಿತು. ಕೀಲಿ ತಿರುಗಿತು. ಹಳದಿ ದೀಪವೊಂದು ಹೊತ್ತಿ, ಡಬ್ಬಿ ಏನೋ ಗೊಣಗಿದಂತೆ ಮಿನುಗಿ, ಆರಿತು. ತಣ್ಣಗಿದ್ದ ಎಂಜಿನ್, ಯಾವ ಎಂಜಿನ್ನಾದರೂ ಮಾಡುವಂತೆ, ಮೊದಲು ದನಿ ಏರಿಸಿತು. ಅವಳ ಕಾಲು ನಿಂತ ಕಾರಿನ ಬ್ರೇಕನ್ನು ತುಳಿದಿತ್ತು.

ಎಂಜಿನ್ನಿನ ವೇಗ ತೋರಿಸುವ ಮುಳ್ಳು ನಿಧಾನವಾಗಿ ಕೆಳಗಿಳಿದು ತನ್ನ ಜಾಗದಲ್ಲಿ ನಿಂತಿತು. ಡಬ್ಬಿ ಮತ್ತೇನೂ ಹೇಳಲಿಲ್ಲ.

"ಚೆನ್ನಾಗಿದೆಯಲ್ಲ," ಎಂದರು ಟೀಚರ್. "ಆಫ್ ಮಾಡ್ಲಾ?"

"ಬೇಡ."

ಟೀಚರ್ ಅವಳ ಮುಖ ನೋಡಿದರು, ಪೆಡಲ್ ಮೇಲಿದ್ದ ಅವಳ ಕಾಲು ನೋಡಿದರು. ತಮ್ಮ ಕೈಯನ್ನು ಕೀಲಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಎಷ್ಟು ಹೊತ್ತಮ್ಮ ಹೀಗೆ?"

"ಎಂಜಿನ್ ಬಿಸಿಯಾಗಿ ಫ್ಯಾನ್ ತಿರುಗೋವರೆಗೆ," ಎಂದಳು.